ಬೀಗರ ಮನೆ ಮುಂದೆ ಬೋಳು ಟೈರು

ಈಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ನಿಂತ ಕಾರು ಕಂಡರೆ ಸಾಕು, ಬಗ್ಗಿ ಅದರ ಟೈರು ನೋಡುತ್ತೇನೆ. ಕಾರು ಯಾರದ್ದಾದರೂ ಸರಿ. ತರಕಾರಿ ತರಲು ಹೋದವನು ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಯಾರದೋ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿರುತ್ತೇನೆ. ಹೋಗಿ ಬರುವವರು ಈ ಮೇಷ್ಟ್ರಿಗೆ ಏನಾಯಿತಪ್ಪಾ ಎಂದು ನೋಡುತ್ತಾರೆ. ಮೊನ್ನೆ ಹೊಳಲ್ಕೆರೆಯ ಒಂದು ಮದುವೆ ಛತ್ರದ ಮುಂದೆ ಹೀಗೆಯೇ ಬಗ್ಗಿದ್ದಾಗ ಆ ಕಾರಿನ ಡ್ರೈವರ್ ಹಿಂದಿನಿಂದ ಬಂದು, "ಏನ್ ಬಿತ್ತು ಸಾರ್?" ಎಂದು ಕೇಳಿದ. ಮನೆಯ ಬೀಗದ ಕೈ ಎಂದು ಸುಳ್ಳು ಹೇಳಿದೆ. ಪಾಪ, ಒಳ್ಳೆಯವನು. ಪಂಚೆ ಮೇಲಕ್ಕೆ ಕಟ್ಟಿ ಅವನೂ ನನ್ನ ಜೊತೆ ಹುಡುಕಲು ನಿಂತ. ಅವನು ಆ ಕಡೆ ತಿರುಗಿದಾಗ ಜೇಬಿನಿಂದ ಬೀಗದ ಕೈ ತೆಗೆದು ಮಣ್ಣಿನಲ್ಲಿ ಬಿಟ್ಟು, ಸಿಕ್ಕಿತು ಎಂದು ಎತ್ತಿಕೊಂಡೆ. ಅವನಿಗೆ ನನಗಿಂತ ಹೆಚ್ಚು ಸಂತೋಷವಾಯಿತು.

ಇದು ವಾಹನಗಳ ಮೇಲಿನ ಪ್ರೀತಿ ಎಂದು ನೀವು ತಿಳಿದರೆ ತಪ್ಪು. ಇದು ನಾಚಿಕೆ. ಹಲ್ಲು ನೋಯುತ್ತಿರುವವನ ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುತ್ತದಲ್ಲ, ಆ ಜಾತಿಯದು. ಯಾಕೆ ಎಂದು ಹೇಳಬೇಕಾದರೆ ಬೀಗರ ಮನೆಗೆ ಹೋಗಬೇಕು. ಅಲ್ಲಿಗೆ ಹೋಗುವ ಮುಂಚೆ ನಮ್ಮ ತಾತನ ಕಾಲಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ವಂಶಕ್ಕೂ ಟೈರಿಗೂ ಇರುವ ಸಂಬಂಧ ತಿಳಿಯದೆ ನನ್ನನ್ನು ಬೈದರೆ ಅದು ನ್ಯಾಯವಲ್ಲ.

ನಾನು ಹುಟ್ಟಿ ಬೆಳೆದದ್ದು ತಾಳ್ಯದ ಕಡೆ. ತಾತ ಕುರಿ ಮಂದೆಯ ಹಿಂದೆ ಅಲೆದವನು, ಅಪ್ಪ ಕುರಿ ಮಾರಿ ಹೊಲ ಹಿಡಿದವನು, ನಾನು ಎರಡನ್ನೂ ಬಿಟ್ಟು ಮೇಷ್ಟ್ರಾದವನು. ತಾತನ ಕಾಲಿಗೆ ಸದಾ ಟೈರಿನ ಮೆಟ್ಟು. ಚಿತ್ರದುರ್ಗದ ಪೇಟೆಯಲ್ಲಿ ಸಾಬರೊಬ್ಬರು ಲಾರಿ ಟೈರು ಕೊಯ್ದು ಮಾಡಿಕೊಡುತ್ತಿದ್ದರು. ಜಾಲಿ ಮುಳ್ಳಿರಲಿ, ಮೊಳೆ ಇದ್ದರೂ ಅದರೊಳಗೆ ಬರುತ್ತಿರಲಿಲ್ಲ. ತಾತ ನಡೆದ ದಾರಿಯ ಧೂಳಿನಲ್ಲಿ ಟೈರಿನ ಗೆರೆಗಳೇ ಮೂಡಿರುತ್ತಿದ್ದವು. ಪುಟ್ಟ ಲಾರಿಯೊಂದು ಎದ್ದು ಎರಡು ಕಾಲಿನ ಮೇಲೆ ನಡೆದುಹೋದಂತೆ ಕಾಣುತ್ತಿತ್ತು. ಆ ಗುರುತು ಹಿಡಿದೇ ನಾವು ಮಕ್ಕಳು ಮಂದೆ ಯಾವ ಕಡೆ ಹೋಗಿದೆ ಎಂದು ತಿಳಿದು ಬುತ್ತಿ ಒಯ್ಯುತ್ತಿದ್ದೆವು. ತಾತ ತೀರಿಕೊಂಡ, ಮೆಟ್ಟು ತೀರಲಿಲ್ಲ. ಅದನ್ನು ಅಪ್ಪ ಹಾಕಿಕೊಂಡ. ಅಪ್ಪನ ಪಾದ ತಾತನದಕ್ಕಿಂತ ದೊಡ್ಡದು, ಹಿಮ್ಮಡಿ ಹೊರಗೆ ಉಳಿಯುತ್ತಿತ್ತು. ಆದರೂ ಇನ್ನೂ ಗಟ್ಟಿಯಿರುವ ವಸ್ತುವನ್ನು ಬಿಡುವುದು ಹೇಗೆ?

ಅಪ್ಪನ ಸೈಕಲ್ಲಿನ ಕಥೆಯೂ ಅದೇ. ಟೈರು ಒಡೆದ ಜಾಗಕ್ಕೆ ಒಳಗಿನಿಂದ ಇನ್ನೊಂದು ಹಳೆಯ ಟೈರಿನ ತುಂಡು ಕೊಟ್ಟು ಓಡಿಸುತ್ತಿದ್ದ. ಅಲ್ಲಿ ಒಂದು ಗಂಟು ಎದ್ದು, ಚಕ್ರ ಒಂದು ಸುತ್ತು ಬಂದಾಗಲೆಲ್ಲ ದಡ್ ಎನ್ನುತ್ತಿತ್ತು. ಅಪ್ಪ ಊರ ಹೊರಗಿರುವಾಗಲೇ ಆ ದಡ್ ದಡ್ ನಮಗೆ ಕೇಳುತ್ತಿತ್ತು. ಅಷ್ಟರೊಳಗೆ ಗೋಲಿ ಬಚ್ಚಿಟ್ಟು ಪುಸ್ತಕ ಹಿಡಿದು ಕೂರುತ್ತಿದ್ದೆವು. ನನ್ನ ವಿದ್ಯಾಭ್ಯಾಸ ನಡೆದದ್ದು ಆ ಒಡಕು ಟೈರಿನ ದಯೆಯಿಂದ ಎಂದರೂ ತಪ್ಪಿಲ್ಲ.

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸಾವು ಎಂಬುದಿರಲಿಲ್ಲ, ಕೆಲಸ ಬದಲಾಗುತ್ತಿತ್ತು ಅಷ್ಟೇ. ಸವೆದ ಸೋಪು ಹೊಸ ಸೋಪಿನ ಬೆನ್ನೇರುತ್ತಿತ್ತು. ಪಂಚೆ ಟವೆಲ್ಲಾಗಿ, ಟವೆಲ್ಲು ಮಸಿಬಟ್ಟೆಯಾಗಿ, ಮಸಿಬಟ್ಟೆ ದೀಪದ ಬತ್ತಿಯಾಗುತ್ತಿತ್ತು. ಟೈರಂತೂ ಚಿರಂಜೀವಿ. ಉರುಳಿಸಿ ಆಡಲು ನಮಗೆ, ಮಲಗಿಸಿ ನೀರಿಟ್ಟರೆ ಕುರಿಮರಿಗೆ, ಗಾಳಿಗೆ ಹಾರದಂತೆ ತಗಡಿನ ಮೇಲೆ ಹೇರಲು ಮನೆಗೆ. ಹೀಗೆ ಬೆಳೆದವನಿಗೆ ನೀವು ಹೋಗಿ ಟೈರಿಗೆ ಒಂದು ಆಯುಷ್ಯ ಇದೆ, ಅದು ಮುಗಿದ ಮೇಲೆ ಬದಲಾಯಿಸಬೇಕು ಎಂದರೆ ಅವನಿಗೆ ಹೇಗೆ ಅರ್ಥವಾಗಬೇಕು?

ಹಾಗೆಂದು ಅರ್ಥವಾಗದವನು ನಾನಾಗಿರಲಿಲ್ಲ, ಅದೇ ದುರಂತ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ತಲೆ ಬೋಳಾಗುವವರೆಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಘರ್ಷಣೆಯ ಪಾಠ ನನ್ನ ಅಚ್ಚುಮೆಚ್ಚಿನದು. ತರಗತಿಯ ನೆಲದ ಮೇಲೆ ಸೋಪಿನ ನೀರು ಸುರಿದು, ಒಬ್ಬ ಹುಡುಗನನ್ನು ನಡೆಸಿ, ಅವನು ಜಾರಿದಾಗ ರೆಟ್ಟೆ ಹಿಡಿದು, ನೋಡ್ರಪ್ಪಾ ಘರ್ಷಣೆ ಇಲ್ಲದಿದ್ದರೆ ಮನುಷ್ಯನ ಗತಿ ಇದು ಎನ್ನುತ್ತಿದ್ದೆ. ಮೂಢನಂಬಿಕೆಯ ಮೇಲೂ ನನ್ನದೊಂದು ಸಮರ ಇತ್ತು. ಗ್ರಹಣದ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ನಿಂತು, ಎಲ್ಲರೂ ನೋಡುವಂತೆ ಮಂಡಕ್ಕಿ ಮೆಣಸಿನಕಾಯಿ ತಿಂದವನು ನಾನು. ಊರಿನಲ್ಲಿ ನನಗೆ ಆ ಹೆಸರು ಇತ್ತು, ಅದರ ಜಂಬವೂ ಇತ್ತು.

ನಿವೃತ್ತಿಯ ಹೊತ್ತಿಗೆ ಒಂದು ಕಾರು ಕೊಂಡೆ. ಅದರ ಟೈರುಗಳು ಸವೆಯುತ್ತಾ ಬಂದವು. ಬಂದದ್ದು ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪತ್ರಿಕೆಯೊಂದರಲ್ಲಿ ಓದಿ, ಕನ್ನಡಕ ಏರಿಸಿಕೊಂಡು ಕೂತು ನಾನೇ ಪರೀಕ್ಷೆ ಮಾಡಿದ್ದೆ. ಟೈರಿನ ಗೆರೆಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳನ್ನು ಇಟ್ಟಿರುತ್ತಾರೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಕಥೆ ಮುಗಿಯಿತು, ಮಳೆಯಲ್ಲಿ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ, ಬ್ರೇಕು ಒತ್ತಿದರೆ ಗಾಡಿ ಜಾರುತ್ತದೆ ಎಂದು ಅರ್ಥ. ನನ್ನ ಟೈರು ಆ ಮಟ್ಟಕ್ಕೆ ಬಂದು ಬಹಳ ಕಾಲವಾಗಿತ್ತು. ನಾನು ಅದನ್ನು ಬೆರಳಿನಿಂದ ಸವರಿ ನೋಡಿ, ಇದೆಲ್ಲ ಕಂಪನಿಯವರು ಬೇಗ ಬೇಗ ಟೈರು ಮಾರಲು ಹುಟ್ಟಿಸಿದ ಮೂಢನಂಬಿಕೆ ಎಂದು ತೀರ್ಮಾನಿಸಿ ಎದ್ದುಬಿಟ್ಟೆ.

ನನ್ನ ಈ ಸಂಶೋಧನೆಗೆ ಸಾಕ್ಷಿಯಾಗಿ ಪಕ್ಕದ ಮನೆಯ ಗಫಾರ್ ಸಾಹೇಬರು ಇದ್ದರು. ಬಟ್ಟೆ ವ್ಯಾಪಾರದ ಮನೆತನ, ತಲೆಮಾರುಗಳಿಂದ ಊರಲ್ಲಿ ನೆಲೆ ನಿಂತವರು. ಹಳೆಯದನ್ನು ಕಾಪಾಡುವುದರಲ್ಲಿ ನನಗೆ ಸರಿಯಾದ ಜೋಡಿ. ಗಂಡಸರು ಟೈರು ಪರೀಕ್ಷಿಸುವ ವಿಧಾನ ನಿಮಗೆ ಗೊತ್ತೇ ಇದೆ, ಕಾಲಿನಿಂದ ಒಮ್ಮೆ ಒದೆಯುವುದು. ಅವರೂ ಒದ್ದರು, ನಾನೂ ಒದ್ದೆ. "ಇನ್ನೂ ಆರಾಮಾಗಿ ಓಡ್ತೈತೆ ಸಾರ್" ಎಂದು ಅವರು ತಲೆಯಾಡಿಸಿದರು. ಆಯುಧಪೂಜೆಯ ದಿನ ಕಾರು ತೊಳೆದು ಟೈರಿಗೆ ಕಪ್ಪು ಪಾಲಿಶ್ ಬಳಿದಾಗಲಂತೂ ನಮ್ಮಿಬ್ಬರ ಕಣ್ಣು ತುಂಬಿ ಬಂತು. ನುಣ್ಣಗಾದಷ್ಟೂ ಟೈರು ಚೆನ್ನಾಗಿ ಹೊಳೆಯುತ್ತದೆ ನೋಡಿ. ಚಕ್ರಗಳಿಗೆ ಕುಂಕುಮ ಇಟ್ಟು, ಅಡಿಯಲ್ಲಿ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಹೆಂಡತಿ ಗಿರಿಜಳ ಸಮಾಧಾನಕ್ಕೆ ಎಂದು ಹೇಳಿಕೊಂಡೇ ಹತ್ತಿಸಿದೆ.

ಅದಾಗಿ ಸ್ವಲ್ಪ ದಿನಕ್ಕೆ ಹಿರಿಯೂರಿನಲ್ಲಿ ಗಿರಿಜಳ ತಮ್ಮನ ಮನೆಯ ಗೃಹಪ್ರವೇಶ. ಹೊಸದುರ್ಗಕ್ಕೆ ಕೊಟ್ಟಿರುವ ಮಗಳು ಚೇತನಾಳೂ ಬಂದಿದ್ದಳು. ಚಿತ್ರದುರ್ಗಕ್ಕೆ ವಾಪಸು ಬರುವಾಗ ನಮ್ಮ ಕಾರಿನಲ್ಲೇ ಕೂರಿಸಿಕೊಂಡೆವು. ಹೆದ್ದಾರಿ ಬಿಟ್ಟು ಪಕ್ಕದ ರಸ್ತೆಗೆ ಇಳಿದಿದ್ದೆ. ಬಹಳ ದಿನ ಮುಖ ತೋರಿಸದಿದ್ದ ಮಳೆ ಆಗ ನಾಲ್ಕು ಹನಿ ಉದುರಿಸಿತು. ಎದುರಿಗೆ ಕುರಿ ಮಂದೆ ರಸ್ತೆ ದಾಟುತ್ತಿತ್ತು. ಬ್ರೇಕು ಒತ್ತಿದೆ. ಕಾರು ನಿಲ್ಲುವ ಬದಲು ಮೆತ್ತಗೆ ಅಡ್ಡ ತಿರುಗಿ, ಜಾರುತ್ತಾ ಜಾರುತ್ತಾ ಹೋಗಿ ಮಂದೆಯ ಪಕ್ಕದಲ್ಲಿ ನಿಂತಿತು. ಒಂದು ಕುರಿ ಕಿಟಕಿಯ ಒಳಗೆ ಮುಖವಿಟ್ಟು ನೋಡಿತು. ಕುರಿ ಕಾಯುವವನು ನನ್ನನ್ನು ಬೈಯಲಿಲ್ಲ, ಕೋಲು ಎತ್ತಿಕೊಂಡು ಮಂದೆ ಹೊಡೆದುಕೊಂಡು ಮುಂದೆ ಹೋದ. ನಾನು ಹಿಂದೆ ತಿರುಗಿ, ಹೇಗೆ ಕಂಟ್ರೋಲ್ ಮಾಡಿದೆ ನೋಡಿದಿರಾ ಎಂದೆ. ಗಿರಿಜ ದೇವರ ಹೆಸರು ಹೇಳುತ್ತಿದ್ದಳು. ಚೇತನಾ ಎರಡೂ ಕೈಯಿಂದ ಮುಂದಿನ ಸೀಟು ಹಿಡಿದುಕೊಂಡು ಕೂತಿದ್ದಳು. ಆಮೇಲೆ ಎಷ್ಟೋ ಕಡೆ ಈ ಕಥೆಯನ್ನು ನನ್ನ ಚಾಕಚಕ್ಯತೆಯ ಕಥೆಯಾಗಿ ಹೇಳಿದ್ದೇನೆ.

ಕೆಲವು ವಾರ ಕಳೆದು ಮಗಳು ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತವರಿನವರೇ ಹೋಗಿ ಕರೆದುಕೊಂಡು ಬರಬೇಕು. ನಮ್ಮಲ್ಲಿ ಇದು ಬರೀ ಸಂಪ್ರದಾಯವಲ್ಲ, ಹೆಣ್ಣು ಕೊಟ್ಟವರ ಮರ್ಯಾದೆ. ಏಳನೆಯ ತಿಂಗಳಲ್ಲಿ ಗಿರಿಜ ಗೋಡೆಯ ಕ್ಯಾಲೆಂಡರ್ ನೋಡಿ, ಪಕ್ಕದ ಬೀದಿಯಲ್ಲಿ ಪಂಚಾಂಗ ನೋಡುವ ಅಯ್ನೋರನ್ನೂ ಕೇಳಿ ಒಂದು ಭಾನುವಾರ ಗೊತ್ತು ಮಾಡಿದಳು. ಹೂವು, ಹಸಿರು ಬಳೆ, ಸೀರೆ, ಚಿಗಳಿ ತಂಬಿಟ್ಟು ಎಲ್ಲ ಹೊತ್ತು ನಾವಿಬ್ಬರೂ ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೋದೆವು.

ಬೀಗರು ಸಿದ್ದಪ್ಪನವರು. ಊರ ಹೊರಗೆ ತೆಂಗಿನ ತೋಟ, ಪೇಟೆಯಲ್ಲಿ ಮನೆ, ಕೊಬ್ಬರಿ ವ್ಯಾಪಾರ. ಮಾತು ಕಡಿಮೆ. ಬೀಗರ ನಡುವೆ ಮಾತು ಕಡಿಮೆಯಿದ್ದರೇ ಒಳ್ಳೆಯದು ಎಂಬುದು ನಮ್ಮ ಕಡೆಯ ತಿಳುವಳಿಕೆ. ಮದುವೆಯಲ್ಲಿ ಹೆಂಗಸರು ಹಾಡು ಕಟ್ಟಿ ಬೀಗರ ಮೂಗು ಮುಸುಡಿಯನ್ನೆಲ್ಲ ಹಂಗಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದು ಮುಗಿದ ಮೇಲೆ ಬೀಗರ ಕುಂದು ಎತ್ತಿ ಆಡಬಾರದು. ಸಾರಿನಲ್ಲಿ ಉಪ್ಪು ಸಮುದ್ರದಷ್ಟಿದ್ದರೂ ಹದವಾಗಿದೆ ಎನ್ನಬೇಕು. ಏನಾದರೂ ಹೇಳಲೇಬೇಕಾಗಿ ಬಂದರೆ ಮಳೆಯ ಮೇಲೋ ಬೆಳೆಯ ಮೇಲೋ ದೇವರ ಮೇಲೋ ಹಾಕಿ ಹೇಳಬೇಕು. ಇದೆಲ್ಲ ನನಗೂ ಗೊತ್ತಿದ್ದದ್ದೇ.

ನಾವು ಹೋಗಿ ಇಳಿದಾಗ ಬೀಗರು ಬಾಗಿಲಿಗೆ ಬಂದು, "ಬರ್ರಿ ಬೀಗ್ರೆ, ಬರ್ರಿ" ಎಂದು ಕಾಲಿಗೆ ನೀರು ಕೊಟ್ಟರು. ಆಮೇಲೆ ಕಾರಿನಲ್ಲಿದ್ದ ಸಾಮಾನು ಇಳಿಸುವ ನೆಪದಲ್ಲಿ ಅದನ್ನು ಒಂದು ಸುತ್ತು ಬಂದರು. ನನ್ನ ಕಾರನ್ನು ಮೆಚ್ಚುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಉಬ್ಬಿದೆ. ನೆಂಟರು ಇಷ್ಟರು ಸೇರಿದ್ದರು. ಮಗಳಿಗೆ ಬಳೆ ತೊಡಿಸಿ, ಮಡಿಲಕ್ಕಿ ತುಂಬಿ, ಹೋಳಿಗೆ ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ಇನ್ನು ಹೊರಡಾಣ ಎಂದು ನಾನು ಎದ್ದಾಗ ಬೀಗರು ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತರು.

"ಬೀಗ್ರೆ, ಇವತ್ತು ಬ್ಯಾಡ ಕಣ್ರಿ. ದಿನ ಸರಿ ಇಲ್ಲ. ಇನ್ನೊಂದ್ ದಿನ ನಿಮ್ ಅಳಿಯನೇ ಕಾರಲ್ಲಿ ಕರ್ಕಂಬಂದು ಬಿಟ್ಟು ಹೋಗ್ತಾನೆ."

ಮಗಳನ್ನು ಕರೆಯಲು ಬಂದ ಅಪ್ಪನಿಗೆ, ನೀವು ಬರಿಗೈಲಿ ಹೋಗಿ, ನಾವೇ ತಂದು ಬಿಡುತ್ತೇವೆ ಎಂದರೆ ಹೇಗಾಗಬೇಡ? ಅದರ ಮೇಲೆ ದಿನ ಸರಿಯಿಲ್ಲ ಎಂಬ ಕಾರಣ. ನನ್ನ ಒಳಗಿದ್ದ ವಿಜ್ಞಾನದ ಮೇಷ್ಟ್ರು ಎದ್ದು ನಿಂತ. ಆ ಮೇಷ್ಟ್ರು ಎದ್ದರೆ ಗಂಟೆ ಹೊಡೆಯುವ ತನಕ ಕೂರುವವನಲ್ಲ. ತಿಥಿ ಎಂದರೆ ಏನು, ಚಂದ್ರ ಭೂಮಿಯ ಸುತ್ತ ಹೇಗೆ ತಿರುಗುತ್ತಾನೆ, ರಾಹು ಎಂಬವನನ್ನು ಯಾರಾದರೂ ಕಣ್ಣಿನಿಂದ ಕಂಡಿದ್ದಾರೆಯೇ ಎಂದೆಲ್ಲ ಆ ತುಂಬಿದ ಪಡಸಾಲೆಯಲ್ಲಿ, ತರಗತಿಯ ದನಿಯಲ್ಲಿ ಹೇಳಿದೆ. ಇಂಥ ಮನೆಯಲ್ಲಿ ನನ್ನ ಮೊಮ್ಮಗು ಬೆಳೆಯಬೇಕಲ್ಲ ಎಂದು ಚಿಂತೆಯಾಗುತ್ತದೆ ಎಂದೂ ಅಂದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಅಂದದ್ದು ಹೌದು. ಬಳೆ ತೊಡಿಸಲು ಬಂದಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಬೀಗರ ಅಣ್ಣ ಎದ್ದು ಹೊರಗೆ ಹೋದರು. ಸಿದ್ದಪ್ಪನವರು ಮಾತ್ರ ತಟ್ಟೆ ಹಿಡಿದೇ ನಿಂತು, ಕೊನೆಯ ಬೆಂಚಿನ ಹುಡುಗನ ಹಾಗೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು.

"ನಾವು ಓದಿದೋರಲ್ಲ ಬೀಗ್ರೆ. ಏನೋ ನಮ್ ಮನ್ಸಿನ ಸಮಾಧಾನ. ತಪ್ಪು ತಿಳ್ಕಬ್ಯಾಡ್ರಿ" ಎಂದರು.

ಚೇತನಾ ಹಸಿರು ಬಳೆಯ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು. ಮಾವನ ಮೂಢತನಕ್ಕೆ ಮಗಳು ನಾಚಿದ್ದಾಳೆ ಎಂದುಕೊಂಡೆ. ಬರುತ್ತೇನೆ ಎಂದೂ ಸರಿಯಾಗಿ ಹೇಳದೆ ಕಾರು ಹತ್ತಿದೆ. ದಾರಿಯುದ್ದಕ್ಕೂ ಪಾಠ ಮುಂದುವರಿಯಿತು. ಕೇಳಲು ಇದ್ದದ್ದು ಗಿರಿಜ ಒಬ್ಬಳೇ. ಹೊಳಲ್ಕೆರೆ ಬಂದಾಗ ಅವಳು, ದಿನ ಚೆನ್ನಾಗೇ ಇತ್ತಲ್ಲ, ನಾನು ಇಬ್ಬರ ಹತ್ತಿರ ಕೇಳಿದ್ದೆನಲ್ಲ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಆ ಮಾತನ್ನು ಹಿಡಿದು ನಾನು ಯೋಚಿಸಬೇಕಿತ್ತು. ನಂಬದವನಿಗೆ ಒಳ್ಳೆಯ ದಿನದ ಲೆಕ್ಕ ಯಾಕೆ ಎಂದು ಬಿಟ್ಟೆ.

ಒಂದು ವಾರ ನಮ್ಮ ಮನೆಯಲ್ಲಿ ಬೀಗರ ಹೆಸರು ಎತ್ತುವಂತಿರಲಿಲ್ಲ. ಗಿರಿಜಳೇ ತಡೆಯಲಾರದೆ ಬೀಗಿತ್ತಿಗೆ ಫೋನು ಮಾಡಿ ಮಾತಾಡಿದಳು. ಹೆಂಗಸರ ನಡುವೆ ಮುಚ್ಚುಮರೆ ಬೇಗ ಕರಗುತ್ತದೆ. ಆ ಮಧ್ಯಾಹ್ನ ನನ್ನ ಎಲೆಗೆ ರೊಟ್ಟಿ ಹಾಕುತ್ತಾ ಅವಳು ತಣ್ಣಗೆ ಹೇಳಿದಳು.

"ನಿಮ್ ಕಾರಿನ ಚಕ್ರ ಹೊಸದಾದ ದಿನ ಒಳ್ಳೇ ದಿನ ಅಂತೆ."

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಕೂಡಲೇ ರೊಟ್ಟಿಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಕೈ ತೊಳೆದು ಅಂಗಳಕ್ಕೆ ಹೋದೆ. ಆಯುಧಪೂಜೆಯ ಪಾಲಿಶ್ ಎಂದೋ ಹೋಗಿತ್ತು. ಮುಂದಿನ ಎಡಗಡೆಯ ಟೈರು ಒಳಬದಿಯಲ್ಲಿ ನನ್ನ ತಲೆಯಷ್ಟೇ ನುಣ್ಣಗಾಗಿ, ಒಂದು ಕಡೆ ರಬ್ಬರು ಹೋಗಿ ಒಳಗಿನ ತಂತಿ ಮಿನುಗುತ್ತಿತ್ತು. ಆ ಟೈರಿನ ಮೇಲೆ ಏಳು ತಿಂಗಳ ಬಸುರಿಯನ್ನು ಕೂರಿಸಿಕೊಂಡು ಬರಲು ಹೋಗಿದ್ದೆ. ಬೇಡ ಎಂದವರಿಗೆ ಚಂದ್ರನ ಪಾಠ ಹೇಳಿ ಬಂದಿದ್ದೆ. ಕಿವಿ ಸುಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಆದರೂ ಆ ಪಡಸಾಲೆಯಲ್ಲಿದ್ದ ಅಷ್ಟೂ ಜನ ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದಾರೆ ಎನ್ನಿಸಿತು. ಅಷ್ಟರಲ್ಲಿ ಗಫಾರ್ ಸಾಹೇಬರು ಬಂದು ಅಭ್ಯಾಸದಂತೆ ಒಂದು ಒದೆ ಒದ್ದರು. ಇನ್ನೂ ಓಡುತ್ತೆ ಎಂದು ಅವರು ಹೇಳುವ ಮುಂಚೆಯೇ ನಾನು ಒಳಗೆ ಬಂದುಬಿಟ್ಟೆ.

ಮಾರನೆಯ ದಿನ ನಾಲ್ಕೂ ಟೈರು ಬದಲಾಯಿಸಿದೆ. ಅಂಗಡಿಯಲ್ಲಿ ಹಳೆಯವನ್ನು ಬಿಟ್ಟು ಹೋಗುತ್ತೀರಾ ಎಂದು ಕೇಳಿದರು. ಬಿಟ್ಟು ಹೋಗುತ್ತೇನೆ ಎಂದು ಹೇಳಿ, ಬಾಗಿಲವರೆಗೆ ಬಂದು, ತಿರುಗಿ ಹೋಗಿ ಒಂದನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೆ. ರಕ್ತಗುಣ ಎಲ್ಲಿ ಹೋಗುತ್ತದೆ? ಗಿರಿಜ ಅದನ್ನು ನೋಡಿ ಹಿತ್ತಿಲಿಗೆ ಉರುಳಿಸಿದಳು.

ಆಮೇಲೆ ಮತ್ತೆ ಹೊಸದುರ್ಗ. ಈ ಸಲ ದಿನ ಯಾವುದು ಎಂದು ನಾನೂ ಕೇಳಲಿಲ್ಲ, ಗಿರಿಜಳೂ ಹೇಳಲಿಲ್ಲ. ಬೀಗರ ಮನೆ ಮುಂದೆ ನಿಲ್ಲಿಸುವಾಗ ಒಂದು ಕೆಲಸ ಮಾಡಿದೆ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಮುಂದಿನ ಚಕ್ರಗಳ ಹೊಸ ಗೆರೆಗಳು ಬಾಗಿಲಿಗೆ ಮುಖ ಮಾಡಿ ಕಾಣುವಂತೆ ನಿಲ್ಲಿಸಿದೆ. ಬಾಯಿಂದ ಹೇಳಲಾಗದ ತಪ್ಪೊಪ್ಪಿಗೆಯನ್ನು ಟೈರಾದರೂ ಹೇಳಲಿ ಎಂದು. ಸಿದ್ದಪ್ಪನವರು ಬಂದರು. ನನ್ನ ಮುಖ ನೋಡಿದರು, ಆಕಾಶ ನೋಡಿದರು, ಎದುರು ಮನೆಯ ತೆಂಗಿನ ಮರ ನೋಡಿದರು. ಚಕ್ರದ ಕಡೆ ಮಾತ್ರ ತಪ್ಪಿಯೂ ಕಣ್ಣು ಹಾಕಲಿಲ್ಲ. "ಬರ್ರಿ ಬೀಗ್ರೆ, ಕುಂತ್ಕಳ್ರಿ. ಉಂಡು ಹೋಗೀರಂತೆ, ಒಳ್ಳೇ ದಿನ ಐತೆ" ಎಂದರು. ಊಟಕ್ಕೆ ಕೂತಾಗ, ಕೈ ತೊಳೆಯುವಾಗ, ತೆಂಗಿನಕಾಯಿ ಚೀಲವನ್ನು ಡಿಕ್ಕಿಗೆ ಇಡುವಾಗ ನಾನು ಆವತ್ತಿನ ವಿಷಯ ತೆಗೆಯಲು ನೋಡಿದೆ. ಪ್ರತಿ ಸಲವೂ ಅವರು ಕೊಬ್ಬರಿ ರೇಟು, ಇಲ್ಲವೇ ಬೋರ್‌ವೆಲ್ಲಿನ ಮಾತು ತಂದು ನನ್ನ ಬಾಯಿ ಮುಚ್ಚಿಸಿದರು. ನಾನು ನಾಚುವುದನ್ನು ನೋಡಲು ಅವರಿಗೆ ಇಷ್ಟವಿರಲಿಲ್ಲ.

ವಾಪಸು ಬರುವಾಗ ನಿಧಾನವಾಗಿ ಓಡಿಸಿದೆ. ಎಷ್ಟು ನಿಧಾನ ಎಂದರೆ ಮೇವು ಹೇರಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಹೊಳಲ್ಕೆರೆ ಹತ್ತಿರ, ಕಾಲು ಮರಗಟ್ಟಿದೆ, ಸ್ವಲ್ಪ ಇಳಿಯುತ್ತೇನೆ ಎಂದಳು ಚೇತನಾ. ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿದೆ. ಗಿರಿಜ ರಸ್ತೆಯಾಚೆ ಸೌತೆಕಾಯಿ ಮಾರುವವಳ ಹತ್ತಿರ ಹೋದಳು. ಮಗಳು ಕಾರಿಗೆ ಒರಗಿ ನಿಂತು, ಹೊಸ ಟೈರಿನ ಗೆರೆಯಲ್ಲಿ ಚಪ್ಪಲಿಯ ತುದಿ ಇಟ್ಟು ತೆಗೆಯುತ್ತಿದ್ದಳು.

"ಅಪ್ಪ, ಒಂದ್ ಮಾತು ಹೇಳ್ತೀನಿ. ಬೈಬ್ಯಾಡ" ಎಂದಳು.

ಹೇಳು ಎಂದೆ.

"ಆವತ್ತು ದಿನ ಸರಿ ಇಲ್ಲ ಅಂತ ಮಾವ ಅಂದಿದ್ದು ನನ್ ಮಾತಿಗೆ. ನಾನೇ ಅವರನ್ನ ಕೇಳ್ಕಂಡಿದ್ದು, ಆ ಕಾರಲ್ಲಿ ನನ್ನ ಕಳಿಸ್ಬ್ಯಾಡ್ರಿ ಅಂತ. ಹಿರಿಯೂರಿಂದ ಬರ್ಬೇಕಾದ್ರೆ ಜಾರ್ತಲ್ಲ, ಆವಾಗ್ಲೇ ನಂಗೆ ಹೊಟ್ಟೇಲಿತ್ತು. ನಿಮಗಿನ್ನೂ ಹೇಳಿರ್ಲಿಲ್ಲ."

ಅವಳು ನನ್ನ ಮುಖ ನೋಡದೆ ಉಳಿದದ್ದನ್ನೂ ಹೇಳಿದಳು. ಆ ದಿನ ಬೆಳಿಗ್ಗೆ ಮಾವ ಕಾರಿನ ಸುತ್ತ ಬಂದು ಟೈರು ನೋಡಿ ಒಳಗೆ ಹೋಗಿ, ನೀನು ಹೇಳಿದ್ದು ನಿಜ ಕಣವ್ವ ಎಂದರಂತೆ. ನಾಲ್ಕು ಜನ ನೆಂಟರ ಮುಂದೆ ಟೈರಿನ ಮಾತೆತ್ತಿದರೆ ನಿಮ್ಮಪ್ಪನ ಮರ್ಯಾದೆ ಹೋಗುತ್ತೆ, ದಿನದ ಮೇಲೆ ಹಾಕುತ್ತೇನೆ ಬಿಡು ಎಂದರಂತೆ. "ಮಾವಂಗೆ ಪಂಚಾಂಗ ನೋಡಾಕೇ ಬರಲ್ಲಪ್ಪ" ಎಂದಳು.

ಅವರು ನನ್ನ ಮರ್ಯಾದೆ ಉಳಿಸಲು ದಡ್ಡರಾಗಿ ನಿಂತಿದ್ದರು. ನಾನು ಅವರ ಮನೆಯಲ್ಲಿ, ಅವರ ನೆಂಟರ ಮುಂದೆ, ಅವರ ಹೋಳಿಗೆ ತಿಂದು ಅವರ ಮರ್ಯಾದೆ ತೆಗೆದಿದ್ದೆ. ಬಾಗಿಲಲ್ಲಿ ನಿಂತ ಮಗಳ ಮುಖ ಕೆಂಪಾದದ್ದು ಯಾರಿಗಾಗಿ ಎಂಬುದೂ ಈಗ ತಿಳಿಯಿತು. ಇಷ್ಟಾದರೂ ಮನುಷ್ಯನ ಜನ್ಮ ನೋಡಿ, ನನಗೆ ಮೊದಲು ಬಂದದ್ದು ಸಿಟ್ಟು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ದನಿ ಸ್ವಲ್ಪ ಗಟ್ಟಿಯೇ ಇತ್ತು.

"ನಿಂಗೆ ಹೆಂಗಪ್ಪ ಹೇಳೋದು? ಭಯ ಆಗ್ತೈತೆ ಅಂದ್ರೆ ನೀನು ಪಾಠ ಮಾಡ್ತೀಯ."

ಹಾಗಲ್ಲಮ್ಮ, ಆವತ್ತು ನಾನು ಬ್ರೇಕು ಹಾಕಿದ ರೀತಿಯಿಂದಲೇ ಕಾರು ನಿಂತದ್ದು, ಒದ್ದೆ ರಸ್ತೆಯಲ್ಲಿ ಘರ್ಷಣೆ ಏನಾಗುತ್ತದೆ ಎಂದರೆ ಎಂದು ಶುರುಮಾಡಲು ಬಾಯಿ ತೆರೆದಿದ್ದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಸೋಪಿನ ನೀರಿನ ಮೇಲೆ ನಡೆಯಲು ನಾನು ಕರೆದ ಹುಡುಗರು ನೋಡುತ್ತಿದ್ದದ್ದು ಹೀಗೆಯೇ. ಬಾಯಿ ಮುಚ್ಚಿದೆ. ನೀರು ಬೇಕೇನಮ್ಮಾ ಎಂದು ಕೇಳಿದೆ. ಬೇಡ ಎಂದಳು. ಗಿರಿಜ ಸೌತೆಕಾಯಿ ತಂದಳು, ಮೂವರೂ ಉಪ್ಪು ಖಾರ ಹಚ್ಚಿಕೊಂಡು ತಿಂದೆವು. ನನಗೆ ರುಚಿ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಗಿರಿಜ ದೃಷ್ಟಿ ತೆಗೆದು ಮಗಳನ್ನು ಒಳಗೆ ಕರೆದುಕೊಂಡಳು. ಬೀಗರಿಗೆ ಫೋನು ಮಾಡಿ, ಇವತ್ತಾದರೂ ಅವರು ಕೊಬ್ಬರಿಯ ಮಾತು ತೆಗೆಯುವ ಮುಂಚೆ ತಪ್ಪಾಯಿತು ಎಂದು ಹೇಳಿಬಿಡಬೇಕು ಎಂದು ದಾರಿಯಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಸಾಮಾನು ಇಳಿಸಿ ಮಾಡೋಣವೆಂದು ತೆಂಗಿನಕಾಯಿ ಚೀಲ ಹೊತ್ತು ಮನೆಯ ಪಕ್ಕದ ಓಣಿಯಲ್ಲಿ ಬರುತ್ತಿದ್ದೆ. ಕೋಣೆಯ ಕಿಟಕಿ ತೆರೆದಿತ್ತು. ಅವರೇ ಆಗಲೇ ಸೊಸೆಗೆ ಫೋನು ಮಾಡಿದ್ದರು.

"ಹೂಂ ಮಾವ, ಈಗ್ ಬಂದ್ವಿ. ಆರಾಮಾಗೈತೆ" ಎನ್ನುತ್ತಿದ್ದಳು ಚೇತನಾ. ಕಾಲು ಊದಿಕೊಂಡಿರುವುದು, ಬೆನ್ನು ಹಿಡಿದಿರುವುದು, ರಾತ್ರಿ ನಿದ್ದೆ ಬಾರದಿರುವುದು, ನಮಗೆ ಹೇಳದ ಎಷ್ಟೋ ವಿಷಯಗಳನ್ನು ಅವರಿಗೆ ಒಂದೊಂದಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಹೂಂ, ಹೇಳ್ದೆ. ಎಲ್ಲಾ ಹೇಳ್ದೆ" ಎಂದಳು. ಆ ಕಡೆಯಿಂದ ಅವರು ಏನೋ ಕೇಳಿದರು. ನಾನು ಚೀಲ ಹೊತ್ತುಕೊಂಡೇ ಕಿಟಕಿಯ ಕೆಳಗೆ ನಿಂತುಬಿಟ್ಟೆ. ಅವಳು ದೊಡ್ಡ ಹೊರೆ ಇಳಿಸಿದವಳಂತೆ ಉಸಿರು ಬಿಟ್ಟು ಹೇಳಿದಳು.

"ಇಲ್ಲ ಮಾವ. ಅಪ್ಪ ಬೈಲಿಲ್ಲ."